ಪೇಂಟ್ ಒಳಗಿಂದ ಎದ್ದ ‘ನಾಳೆ ಬಾ’: ಮಾವನ ಹಳೇ ಕ್ಯಾಸೆಟ್‌ಗೆ ಮತ್ತೆ ಜೀವ ಬಂದ ಕಥೆ

‘ಮೊಬೈಲ್ ಇರೋ ಕಾಲದಲ್ಲಿ ಬಾಗಿಲು ತಟ್ಟೋ ದೆವ್ವಕ್ಕೆ ಯಾರಪ್ಪ ಹೆದರ್ತಾರೆ?’ ‘ನಾಳೆ ಬಾ’ ದೆವ್ವದ ಕಥೆಯನ್ನು ಚಿತ್ರ ಮಾಡ್ತೀನಿ ಅಂದಾಗ ಹಾಸನದ ನನ್ನ ಸ್ನೇಹಿತರು ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಇದೇ ಮಾತು. ನನ್ನ ಹಾಗೇ ಮದುವೆ ವಿಡಿಯೋ ಮಾಡುವವರೇ ಜಾಸ್ತಿ ಹೇಳಿದ್ದು. ಈಗ ಆ 31 ನಿಮಿಷದ ಚಿತ್ರ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಹೋಮ್‌ಸ್ಟೇಗಳಲ್ಲಿ ಸುಮಾರು 45 ಷೋ ಮುಗಿಸಿದೆ. ಒಂದರಲ್ಲೂ ಯಾರೂ ನಕ್ಕಿಲ್ಲ. ಅದನ್ನು ಹೇಳಿಕೊಳ್ಳೋಣ ಅಂತಲೇ ಬರೆಯಲು ಕೂತಿದ್ದೇನೆ.

‘ನಾಳೆ ಬಾ’ ಕಥೆ ನಿಮಗೆಲ್ಲ ಗೊತ್ತು. 90ರ ದಶಕದಲ್ಲಿ ಬೆಂಗಳೂರಿಂದ ಹಬ್ಬಿತು. ರಾತ್ರಿ ದೆವ್ವ ಬಂದು ಮನೆಯವರ ಧ್ವನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. 1997ರಲ್ಲಿ ನಮ್ಮ ಸೋದರಮಾವ ಇದನ್ನೇ ಪ್ಯಾನಾಸೋನಿಕ್ ಎಂ9000 ಕ್ಯಾಮೆರಾದಲ್ಲಿ 50 ನಿಮಿಷದ ಚಿತ್ರ ಮಾಡಿದ್ದರು. ನಟರೆಲ್ಲ ಮನೆಯವರೇ. ಹಾಸನದ ಕೇಬಲ್‌ನಲ್ಲಿ ಒಂದು ಅಮಾವಾಸ್ಯೆ ರಾತ್ರಿ ಹಾಕಿದರು. ಆವತ್ತು ನಮ್ಮ ವಠಾರದಲ್ಲಿ ಮಕ್ಕಳು ಬಚ್ಚಲಿಗೆ ಒಬ್ಬೊಬ್ಬರೇ ಹೋಗಲಿಲ್ಲ. ಮಾರನೇ ದಿನ ಬೀದಿಯಲ್ಲಿ ಐದಾರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದನ್ನು ನಾನೇ ನೋಡಿದ್ದೇನೆ.

2018ರಲ್ಲಿ ಅಟ್ಟದಿಂದ ಆ ಕ್ಯಾಸೆಟ್ ಇಳಿಸಿದೆ. ಎರಡಿದ್ದವು. ನಮ್ಮ ಮಳೆ, ನಮ್ಮ ಶೀತ ನಿಮಗೆ ಗೊತ್ತಲ್ವಾ? ಟೇಪ್ ಸುರುಳಿ ಮೇಲೆ ಬಿಳಿ ಬೂಷ್ಟು ಹೂವಿನ ಹಾಗೆ ಕೂತಿತ್ತು. ಬೂಷ್ಟು ಹಿಡಿದ ಟೇಪನ್ನು ಒಳ್ಳೆ ವಿಸಿಆರ್‌ಗೆ ಹಾಕಬಾರದು ಅಂತ ಗೊತ್ತಿದ್ದೂ ಅವಸರಕ್ಕೆ ಹಾಕಿಬಿಟ್ಟೆ. ಹೆಡ್ ಕಟ್ಟಿಕೊಂಡಿತು, ಎರಡನೇ ಕ್ಯಾಸೆಟ್ ಒಳಗೇ ಸಿಕ್ಕಿ ತುಂಡಾಯಿತು. ಆ ವಿಸಿಆರ್ ಬೆಂಗಳೂರಿನಿಂದ 6,000 ಕೊಟ್ಟು ತಂದಿದ್ದು. ಆಮೇಲೆ 1,500ಕ್ಕೆ ಇನ್ನೊಂದು ಹಳೇದು ಹುಡುಕಿ, ಕ್ಯಾಸೆಟ್ ಬಿಚ್ಚಿ, ಕೈಯಲ್ಲೇ ಸುತ್ತುತ್ತಾ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಎರಡು ವಾರ ಮುಚ್ಚಿಟ್ಟು ಓಡಿಸಿದೆ. 20 ನಿಮಿಷದಷ್ಟು ಉಳಿಯಿತು. ಚಿತ್ರ ಹಾಳಾಗಿತ್ತು, ಧ್ವನಿ ಮಾತ್ರ ಚೆನ್ನಾಗಿತ್ತು. ಇದು ಮುಖ್ಯ, ಮುಂದೆ ಹೇಳುತ್ತೇನೆ.

ಆ 20 ನಿಮಿಷವನ್ನೇ ಎಐ ಸಾಫ್ಟ್‌ವೇರ್‌ಗೆ ಕೊಟ್ಟು ಚಿತ್ರವನ್ನು ದೊಡ್ಡದಾಗಿ, ಸ್ಪಷ್ಟವಾಗಿ ಮಾಡಿ ನೋಡಿದೆ. ಮೂರು ರಾತ್ರಿ ಕಂಪ್ಯೂಟರ್ ಓಡಿತು. ಎಲ್ಲರ ಮುಖ ಮೇಣದ ಗೊಂಬೆಯ ಹಾಗಾಯಿತು. ಮಾವ ನೋಡಿ, ‘ಇವರ್ಯಾರೋ ಮಗ?’ ಅಂದರು. ಅಲ್ಲಿಗೆ ಬಿಟ್ಟೆ, ಹೊಸದಾಗಿ ತೆಗೆಯುವುದೇ ಸರಿ ಅನಿಸಿತು.

2019ರಲ್ಲಿ ತೆಗೆದ ಮೊದಲ ಆವೃತ್ತಿ ಪೂರ್ತಿ ಸೋತಿತು. ಡ್ರೋನ್ ಶಾಟ್, ಬಿಳಿ ಸೀರೆ, ಗ್ರಾಫಿಕ್ಸ್‌ನಲ್ಲಿ ಮಾಡಿಸಿದ ದೆವ್ವ ಎಲ್ಲಾ ಇತ್ತು. ಗ್ರಾಫಿಕ್ಸ್‌ಗೇ 45 ಸಾವಿರ ಹೋಯಿತು. ಒಟ್ಟು 1.20 ಲಕ್ಷ, ಅರ್ಧ ಸಾಲ. ಗೆಳೆಯನೊಬ್ಬನ ಹಾಲ್‌ನಲ್ಲಿ ಕಾಲೇಜು ಹುಡುಗ ಹುಡುಗಿಯರು 40 ಜನಕ್ಕೆ ತೋರಿಸಿದೆ. ದೆವ್ವ ಬಂದ ಕೂಡಲೇ ನಗು ಶುರುವಾಯಿತು. ಕೊನೆಯವರೆಗೂ ನಿಲ್ಲಲಿಲ್ಲ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹೊರಡುವಾಗ ಒಬ್ಬ ಹುಡುಗಿ ಮಾತ್ರ ನಿಂತು ಹೇಳಿದಳು: ‘ಸರ್, ದೆವ್ವ ಬರೋಕೆ ಮುಂಚೆ ಅಮ್ಮನ ಧ್ವನಿ ಕೇಳ್ತಲ್ಲ, ಅದು ಒಂಥರಾ ಆಯ್ತು. ನಮ್ಮಮ್ಮನಿಗೆ ಫೋನ್ ಮಾಡಿಬಿಡೋಣ ಅನ್ನಿಸ್ತು.’ 1.20 ಲಕ್ಷಕ್ಕೆ ನನಗೆ ಸಿಕ್ಕಿದ್ದು ಆ ಒಂದು ಮಾತು. ಕೊಟ್ಟ ದುಡ್ಡು ದಂಡವಾಗಲಿಲ್ಲ ಅಂತ ಈಗ ಅನಿಸುತ್ತೆ.

ಲಾಕ್‌ಡೌನ್‌ನಲ್ಲಿ ಮದುವೆ ಇಲ್ಲ, ಕೆಲಸ ಇಲ್ಲ. ಇಂಥ ಬಾಯಿಮಾತಿನ ಭಯದ ಕಥೆಗಳನ್ನು ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಕೂತು ನೋಡಿದೆ. ‘ಕ್ಯಾಂಡಿಮ್ಯಾನ್’ ಅನ್ನುವ ಅಮೆರಿಕದ ದೆವ್ವದ ಸಿನಿಮಾ ನನಗೆ ದಾರಿ ತೋರಿಸಿತು. ಅದರ ಮೂಲ ಸಣ್ಣ ಕಥೆ ನಡೆಯುವುದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 1992ರ ಸಿನಿಮಾ ಅದನ್ನು ಷಿಕಾಗೋದ ಕ್ಯಾಬ್ರಿನಿ ಗ್ರೀನ್ ಎಂಬ ಬಡವರ ವಸತಿಗೆ ಎತ್ತಿಕೊಂಡು ಹೋಯಿತು. 2021ರಲ್ಲಿ ಮತ್ತೆ ತೆಗೆಯುವ ಹೊತ್ತಿಗೆ ಆ ಎತ್ತರದ ಕಟ್ಟಡಗಳನ್ನೆಲ್ಲ ಕೆಡವಿ ಆಗಿತ್ತು. ಹೊಸ ಚಿತ್ರ ಅದನ್ನೇ ಹಿಡಿದುಕೊಂಡಿತು: ಹಳೇ ಮನೆ ಹೋಗಿ ಹೊಸ ಮನೆ ಬಂದಿದೆ, ಅಲ್ಲಿ ಸತ್ತವನ ಹೆಸರು ಉಳಿದಿದೆ. ಇನ್ನೊಂದು ವಿಷಯ ನಮ್ಮ ವೃತ್ತಿಯವರಿಗೆ ಇಷ್ಟವಾಗುತ್ತೆ. ಮೊದಲ ಚಿತ್ರಕ್ಕೆ ನಿಜವಾದ ಜೇನುನೊಣ ಬಳಸಿದ್ದರು. ದೆವ್ವದ ಪಾತ್ರ ಮಾಡಿದ ಟೋನಿ ಟಾಡ್, ಒಂದೊಂದು ಕಡಿತಕ್ಕೆ 1,000 ಡಾಲರ್ ಅಂತ ಮೊದಲೇ ಮಾತಾಡಿಕೊಂಡಿದ್ದರಂತೆ. 23 ಸಲ ಕಡಿಸಿಕೊಂಡರು ಅನ್ನುತ್ತಾರೆ. ನಮ್ಮ ಹುಡುಗರು ಇಂಬಳ ಕಚ್ಚಿದ್ದಕ್ಕೆ ಲೆಕ್ಕ ಹಾಕಿದ್ದರೆ ನಾನು ಮನೆ ಮಾರಬೇಕಿತ್ತು.

ಹಳೇ ಮನೆ, ಹೊಸ ಪೇಂಟ್. ಅದೇ ನನಗೆ ಹೊಳೆದದ್ದು. ನಮ್ಮ ಕಡೆ ಈಗ ಏನಾಗುತ್ತಿದೆ? ತೋಟದ ಹಳೇ ಹೆಂಚಿನ ಮನೆಗಳೆಲ್ಲ ಹೋಮ್‌ಸ್ಟೇ ಆಗುತ್ತಿವೆ. ಹಲಸಿನ ಮರದ ಬಾಗಿಲಿಗೂ ಬಿಳಿ ಪೇಂಟ್ ಹೊಡೆಸುತ್ತಾರೆ. ಆ ಬಾಗಿಲ ಮೇಲೆ ಅಜ್ಜಿ ಕಾಲದಲ್ಲಿ ‘ನಾಳೆ ಬಾ’ ಬರೆದಿದ್ದರೆ? ದೆವ್ವ ಇಷ್ಟು ವರ್ಷ ದಿನಾ ಬಂದು, ಓದಿ, ಹೋಗುತ್ತಿತ್ತು. ಈಗ ಓದಲು ಅಕ್ಷರವೇ ಇಲ್ಲ. ಒಳಗೆ ಬೆಂಗಳೂರಿನಿಂದ ಬಂದ ನಾಲ್ಕು ಜನ ಮಲಗಿದ್ದಾರೆ. ಅವರಲ್ಲಿ ಒಬ್ಬನಿಗೆ ಅಮ್ಮನ ಫೋನ್ ಬರುತ್ತೆ: ‘ಬಾಗಿಲ ಹತ್ರ ಇದ್ದೀನಿ, ತಗಿ.’ ಕಥೆ ಇಷ್ಟೇ. ದೆವ್ವವನ್ನು ಒಂದು ಫ್ರೇಮ್‌ನಲ್ಲೂ ತೋರಿಸಿಲ್ಲ. ರಾತ್ರಿ ಒಂದೇ ಸಲ ಕರೆದರೆ ಓಗೊಡಬಾರದು, ಮೂರು ಸಲ ಕರೆಯಲಿ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಿದ್ದರಲ್ಲ, ಫೋನ್ ಮೂರು ಸಲ ಬರುವ ಹಾಗೆ ಅದನ್ನೂ ಸೇರಿಸಿದೆ. ಈಗ ಮಗನ ಧ್ವನಿಯಲ್ಲಿ ಫೋನ್ ಮಾಡಿ ದುಡ್ಡು ಹೊಡೆಯುವವರು ಇದ್ದಾರೆ. ಗುರುತಿನ ಧ್ವನಿಯನ್ನೂ ನಂಬಬಾರದು ಅನ್ನುವ ಭಯ ಇವತ್ತು ಎಲ್ಲರಿಗೂ ಇದೆ. 90ರ ಕಥೆ ತಾನಾಗೇ 2022ರ ಕಥೆ ಆಯಿತು.

ಅಕ್ಷರ ಪೇಂಟ್ ಒಳಗಿಂದ ಮೇಲೆ ಬರಬೇಕಿತ್ತು. ಗ್ರಾಫಿಕ್ಸ್‌ಗೆ ಮತ್ತೆ ದುಡ್ಡು ಸುರಿಯುವುದಿಲ್ಲ ಅಂತ ಹಟ ಹಿಡಿದೆ. ಇದ್ದಿಲಲ್ಲಿ ಬರೆದು ಪೇಂಟ್ ಹೊಡೆದೆವು, ಏನೂ ಬರಲಿಲ್ಲ. ಕೆಮ್ಮಣ್ಣು ಕಲಸಿದೆವು, ಪೇಂಟೇ ಸಿಪ್ಪೆ ಎದ್ದಿತು. ಕೊಪ್ಪದ ಕಡೆಯ ನಮ್ಮ ಭಾವ ಒಂದು ದಿನ ಬಿಳಿ ಅಂಗಿ ಮೇಲೆ ಅಡಿಕೆ ಚೊಗರು ಚೆಲ್ಲಿಕೊಂಡು ಬಂದಿದ್ದರು. ಎಷ್ಟು ಒಗೆದರೂ ಹೋಗಿರಲಿಲ್ಲ. ಅಡಿಕೆ ಬೇಯಿಸಿದ ಆ ಕೆಂಪು ನೀರು ಹೋಗುವುದೇ ಇಲ್ಲ, ನಿಮಗೆ ಗೊತ್ತು. ಒಂದು ಕ್ಯಾನ್ ಗಟ್ಟಿ ಚೊಗರು ತರಿಸಿ, ಬ್ರಷ್‌ನಲ್ಲಿ ಬರೆದು ಒಣಗಿಸಿ, ಮೇಲೆ ನೀರಲ್ಲಿ ಕಲಸುವ ಬಿಳಿ ಪೇಂಟ್ ಹೊಡೆದೆ. ಪೇಂಟಿನ ನೀರಿಗೆ ಒಳಗಿನ ಚೊಗರು ಕರಗುತ್ತೆ, ಒಣಗುತ್ತಾ ಮೇಲೆ ಏಳುತ್ತೆ. ಮೊದಲು ಚಹಾ ಚೆಲ್ಲಿದಂಥ ಒಂದು ಕಲೆ. ಆಮೇಲೆ ‘ಳೆ’ಯ ಸುತ್ತು. ಆಮೇಲೆ ಉಳಿದಿದ್ದು. ಎಣ್ಣೆ ಪೇಂಟ್ ಹೊಡೆದರೆ ಬರುವುದಿಲ್ಲ, ಒಂದು ಬಾಗಿಲು ಹಾಗೇ ಹಾಳಾಯಿತು. ಚೊಗರನ್ನು ಎಷ್ಟು ಬತ್ತಿಸಿದೆ, ಅದಕ್ಕೆ ಇನ್ನೇನು ಸೇರಿಸಿದೆ ಅನ್ನುವುದನ್ನು ಹೇಳುವುದಿಲ್ಲ. 4 ತಿಂಗಳು, 5 ಬಾಗಿಲು ಹೋಗಿವೆ ಅದಕ್ಕೆ. ಟೈಮ್‌ಲ್ಯಾಪ್ಸ್‌ನಲ್ಲಿ ತೆಗೆದ ಆ ಶಾಟ್ 22 ಸೆಕೆಂಡ್ ಇದೆ. ಬೆಂಗಳೂರಿನ ಗ್ರಾಫಿಕ್ಸ್ ಹುಡುಗರೇ ಯಾವ ಸಾಫ್ಟ್‌ವೇರ್ ಅಂತ ಕೇಳಿದರು.

ಫ್ಲ್ಯಾಷ್‌ಬ್ಯಾಕ್‌ಗೆ ತೊಗಲು ಗೊಂಬೆ ಹಿಡಿದೆ. 2021ರ ಕ್ಯಾಂಡಿಮ್ಯಾನ್‌ನಲ್ಲಿ ಹಳೇ ಘಟನೆಗಳನ್ನು ಹೆಚ್ಚಾಗಿ ನೆರಳು ಗೊಂಬೆಯಲ್ಲಿ ತೋರಿಸಿದ್ದಾರೆ. ನಮ್ಮಲ್ಲಿ ಇದಕ್ಕಿಂತ ಹಳೇ ವಿದ್ಯೆ ಇರುವಾಗ ಬಿಡುವುದೇಕೆ? ಕಲಾವಿದರೊಬ್ಬರಿಗೆ 15,000 ಕೊಟ್ಟು ಮೂರು ಗೊಂಬೆ ಮಾಡಿಸಿದೆ. ಮೊದಲು ಹಿಂದೆ ಎಲ್‌ಇಡಿ ಪ್ಯಾನೆಲ್ ಇಟ್ಟೆ. ಪರದೆ ತುಂಬಾ ಪಟ್ಟೆ ಓಡಿತು. ಕ್ಯಾಮೆರಾದ ಷಟರ್ ಸರಿ ಮಾಡಿದ ಮೇಲೂ ನೆರಳು ಸತ್ತ ಹಾಗಿತ್ತು. ಗೊಂಬೆ ಮಾಡಿದ ಆ ಹಿರಿಯ ಕಲಾವಿದರು ನೋಡಿ ನೋಡಿ, ‘ದೀಪ ತನ್ನಿ’ ಅಂದರು. ಹರಳೆಣ್ಣೆ ದೀಪ ಇಟ್ಟ ಕೂಡಲೇ ಗೊಂಬೆ ಉಸಿರಾಡತೊಡಗಿತು. ಚಿತ್ರದಲ್ಲಿ ಒಂದು ಮುಕ್ಕಾಲು ನಿಮಿಷ ಇದೆ. ಗ್ರೇನ್, ಅಂದರೆ ಚಿತ್ರದ ಮೇಲಿನ ಚುಕ್ಕಿ, ಜಾಸ್ತಿ ಇದೆ, ಇರಲಿ.

ಶೆಟ್ಟಿಹಳ್ಳಿ ಚರ್ಚ್‌ನಲ್ಲೂ ಒಂದು ದಿನ ಕಳೆದೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವ ಜಾಗ, ದೆವ್ವದ ಚಿತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನೋಡುವವರಿಗೆ ಅದು ಪ್ರೀ ವೆಡ್ಡಿಂಗ್ ಶೂಟ್ ಜಾಗ ಆಗಿಬಿಟ್ಟಿದೆ. ಅಲ್ಲಿ ನಾನೇ ಹತ್ತು ಜೋಡಿ ತೆಗೆದಿದ್ದೇನೆ. ಕತ್ತರಿಸಿ ಹಾಕಿದೆ.

ಶೂಟಿಂಗ್ 2022ರ ಜುಲೈ, ಸಕಲೇಶಪುರದ ಹತ್ತಿರ. ಮಳೆ ಬೇಕಿತ್ತು, ಬೇಕಾದ್ದಕ್ಕಿಂತ ಜಾಸ್ತಿಯೇ ಬಂತು. ಹೆಂಚಿನ ಸದ್ದಿಗೆ ಒಂದು ಡೈಲಾಗೂ ಸಿಗಲಿಲ್ಲ, ಎಲ್ಲಾ ಡಬ್ಬಿಂಗ್. ಎರಡು ರಾತ್ರಿ ‘ಆನೆ ಇದೆ, ಹೊರಗೆ ಬರಬೇಡಿ’ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಜನರೇಟರ್, ಊಟ, ಹುಡುಗರ ಸಂಬಳ ಸೇರಿ 18 ಸಾವಿರ ಸುಮ್ನೆ ಹೋಯಿತು. ಎಲ್ಲಾ ಸೇರಿ 1.65 ಲಕ್ಷ.

ಈಗ ಆ ಧ್ವನಿ. ಹಳೇ ಚಿತ್ರದಲ್ಲಿ ಅಮ್ಮನ ಧ್ವನಿ ಕೊಟ್ಟವರು ನಮ್ಮ ಅತ್ತೆ, ಮಾವನ ಹೆಂಡತಿ. 2011ರಲ್ಲಿ ತೀರಿಕೊಂಡರು. ಹೊಸ ಚಿತ್ರಕ್ಕೆ ಬೆಂಗಳೂರಿನ ಡಬ್ಬಿಂಗ್ ಕಲಾವಿದೆಗೆ 8,000 ಕೊಟ್ಟು ಹೇಳಿಸಿದ್ದೆ. ಒಳ್ಳೆ ಧ್ವನಿ, ತಪ್ಪಿಲ್ಲ, ಆದರೆ ಭಯವೇ ಆಗಲಿಲ್ಲ. ಒಂದು ರಾತ್ರಿ ಕ್ಯಾಸೆಟ್‌ನ ಅತ್ತೆ ಧ್ವನಿಯನ್ನು ಎಡಿಟಿಂಗ್‌ನಲ್ಲಿ ಚಿತ್ರಕ್ಕೆ ಹಾಕಿದೆ: ‘ಬಾಗ್ಲು ತಗಿಯೋ ಮಗ, ಮಳೆ ಜೋರಾಯ್ತು.’ ನನ್ನ ಕೈಯ ಕೂದಲು ನಿಂತಿತು. ವಿಎಚ್‌ಎಸ್ ಕ್ಯಾಸೆಟ್‌ನ ಸೊರ್ ಅನ್ನುವ ಸದ್ದು, ಮೇಲಿನ ಕೆಳಗಿನ ದನಿ ಎಲ್ಲಾ ಹೋಗಿ ನಡುವಿನದು ಮಾತ್ರ ಉಳಿದಿರುವುದು, ಥೇಟ್ ಫೋನಲ್ಲಿ ಕೇಳಿದ ಹಾಗೆ. ನಾನೇ ದಡ್ಡ ಕೆಲಸ ಮಾಡಿ ಎಐನಲ್ಲಿ ಆ ಸದ್ದು ತೆಗೆಸಿದೆ. ಧ್ವನಿ ಶುಚಿಯಾಯಿತು, ಅತ್ತೆ ಹೋಗಿಬಿಟ್ಟರು. ಮತ್ತೆ ಹಳೇದನ್ನೇ ಇಟ್ಟೆ. 25 ವರ್ಷ ಹಳೇ ಧ್ವನಿ ಅಂತ ನೋಡಿದವರಿಗೆ ಯಾರಿಗೂ ಗೊತ್ತಾಗಿಲ್ಲ.

ಷೋ ವಿಚಾರ. ಟಿಕೆಟ್ ಇಲ್ಲ, ಹೋಮ್‌ಸ್ಟೇ ಮಾಲೀಕರು ತಮ್ಮ ಅತಿಥಿಗಳಿಗೆ ಅಂತ ಕರೆಸುತ್ತಾರೆ. ಒಂದು ಷೋಗೆ 4,500. ಪ್ರೊಜೆಕ್ಟರ್, ಸ್ಪೀಕರ್ ನನ್ನದೇ. ಎರಡು ಲಕ್ಷದಷ್ಟು ಬಂದಿದೆ. ಮೊದಲ ಸೋಲಿನ ಲೆಕ್ಕವೂ ಸೇರಿಸಿದರೆ ಇನ್ನೂ 80 ಸಾವಿರ ಬರಬೇಕು, ಈ ಮಳೆಗಾಲ ಮುಗಿಯುವಷ್ಟರಲ್ಲಿ ಬರುತ್ತೆ.

ಚಿತ್ರದಲ್ಲಿ ಮೂರನೇ ಸಲ ಬಾಗಿಲು ತಟ್ಟುವುದು ಪರದೆಯಿಂದ ಬರುವುದಿಲ್ಲ. ಕೂತವರ ಬೆನ್ನ ಹಿಂದಿನ ನಿಜವಾದ ಬಾಗಿಲಿಂದ ಬರುತ್ತೆ. ಮೊದಲು ಬ್ಲೂಟೂತ್ ಸ್ಪೀಕರ್ ಇಟ್ಟೆ. ಕಾಲು ಸೆಕೆಂಡ್ ತಡವಾಗಿ ಎಲ್ಲಾ ಕೆಟ್ಟಿತು. ಹೊರಗೆ ಒಬ್ಬ ಹುಡುಗನನ್ನು ನಿಲ್ಲಿಸಿದೆ. ಎರಡನೇ ಷೋಗೇ ಕತ್ತಲಲ್ಲಿ ನಿಲ್ಲಲ್ಲ ಅಂದ. ಈಗ ಮಾಡುತ್ತಿರುವ ಉಪಾಯ ನನ್ನ ಹತ್ತಿರವೇ ಇರಲಿ. ಅತಿಥಿಗಳ ಮನೆಯವರ ಧ್ವನಿ ತರಿಸಿ ಹಾಕೋಣ ಅಂತಲೂ ಒಮ್ಮೆ ಯೋಚಿಸಿದ್ದೆ. ನನ್ನ ಸಹಾಯಕನ ಅಮ್ಮನ ವಾಯ್ಸ್ ಮೆಸೇಜ್ ಹಾಕಿ ಪರೀಕ್ಷೆ ಮಾಡಿದೆ. ಹುಡುಗ ಅತ್ತುಬಿಟ್ಟ. ಅದನ್ನು ಮತ್ತೆ ಮುಟ್ಟಿಲ್ಲ, ನೀವೂ ಮಾಡಬೇಡಿ.

ಮಾವನಿಗೆ ಈಗ 74. ಮಂಡಿನೋವು, ಸಕಲೇಶಪುರದವರೆಗೂ ಬರುವುದಿಲ್ಲ ಅಂದರು. ಹಾಗಾಗಿ ಹಾಸನದ ಮನೆಯ ಹಾಲ್‌ನಲ್ಲೇ ಪರದೆ ಕಟ್ಟಿದೆ. ಮನೆಯವರು, ಹಳೇ ವಠಾರದವರು, ಹದಿನೈದು ಜನ ಇದ್ದರು. ಅತ್ತೆ ಧ್ವನಿ ಬಳಸಿದ್ದನ್ನು ಮಾವನಿಗೆ ಮೊದಲೇ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಮೊದಲ ಸಲ ಫೋನ್ ಬಂದು ಅತ್ತೆ ಕರೆದಾಗ ಮಾವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಎರಡನೇ ಸಲವೂ ಮಾತಾಡಲಿಲ್ಲ. ಮೂರನೇ ಸಲ ಹಿಂದಿನ ಬಾಗಿಲು ತಟ್ಟಿತು. ಎಲ್ಲರೂ ಕೂತಲ್ಲೇ ಗಟ್ಟಿಯಾಗಿ ಕೂತರು, ಒಂದು ಮಗು ತಾಯಿಯ ಸೆರಗಿನೊಳಗೆ ಹೋಯಿತು. ಮಾವ ಗೋಡೆ ಹಿಡಿದುಕೊಂಡು ಎದ್ದರು. ನಿಧಾನಕ್ಕೆ ನಡೆದು ಹೋಗಿ, ಚಿಲಕ ಸರಿಸಿ, ಬಾಗಿಲು ತೆಗೆದರು.