ಸಮರಕಲೆಯ ಉಡುಪಿನಿಂದ ಹ್ಯಾಲೋವೀನ್ ವೇಷ: ಕತ್ತರಿಗಿಂತ ಮಡಿಕೆಗೇ ಹೆಚ್ಚು ಕೆಲಸ

ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಗೆ ವೇಷ ಹುಡುಕುತ್ತಿರುವವರ ಮನೆಯಲ್ಲಿ ಕರಾಟೆ, ಜೂಡೊ ಅಥವಾ ಟೇಕ್ವಾಂಡೊ ಕಲಿಯುವವರು ಇದ್ದರೆ ಅರ್ಧ ಕೆಲಸ ಆಗಲೇ ಮುಗಿದಿದೆ ಎನ್ನಬಹುದು. ದಪ್ಪ ಹತ್ತಿಯ ಬಿಳಿ ಅಂಗಿ, ಸಡಿಲವಾದ ಷರಾಯಿ, ಬಣ್ಣಬಣ್ಣದ ಬೆಲ್ಟ್‌ಗಳು, ಕಣಕಾಲಿನ ಗಾರ್ಡ್‌ಗಳು, ಎದೆಗವಚ, ನೆಲಕ್ಕೆ ಹಾಸುವ ಫೋಮ್ ಮ್ಯಾಟ್‌ಗಳು, ಇಷ್ಟು ಸಾಮಗ್ರಿಯಿಂದ ಭೂತವನ್ನೂ ನಿಂಜಾನನ್ನೂ ಸೋತುಬಂದ ಸಮುರಾಯ್‌ನನ್ನೂ ಕಟ್ಟಬಹುದು. ಆದರೆ ಸಮವಸ್ತ್ರವನ್ನು ಎಂದಿನಂತೆ ತೊಟ್ಟು ಹೊರಟರೆ ಅದು ವೇಷವಾಗುವುದಿಲ್ಲ, ತರಗತಿಯಿಂದ ನೇರವಾಗಿ ಬಂದ ಹಾಗೆ ಕಾಣುತ್ತದೆ. ಬದಲಾಗಬೇಕಾದದ್ದು ಉಡುವ ರೀತಿ. ಬಣ್ಣ ಬಳಿಯುವುದು, ಹರಿಯುವುದು, ಅಂಟಿಸುವುದು ಇವೆಲ್ಲ ಅದರ ನಂತರದ ಮಾತು.

ಮೊದಲು ಸಾಮಗ್ರಿಯನ್ನು ಎರಡು ರಾಶಿ ಮಾಡಿಕೊಳ್ಳಿ. ಅಭ್ಯಾಸಕ್ಕೆ ಮತ್ತೆ ಬೇಕಾದದ್ದು ಒಂದು ಕಡೆ, ಗಿಡ್ಡವಾದದ್ದು, ಸವೆದದ್ದು, ಇನ್ನು ಬಳಸಲಾಗದ್ದು ಇನ್ನೊಂದು ಕಡೆ. ಮೊದಲ ರಾಶಿಗೆ ಸೂಜಿದಾರದ ಕಚ್ಚಾ ಹೊಲಿಗೆ ಮತ್ತು ಸೇಫ್ಟಿ ಪಿನ್ನು ಮಾತ್ರ ತಾಗಬೇಕು. ಅಂಟು, ಬಣ್ಣ, ಕತ್ತರಿ ಇವು ಎರಡನೆಯ ರಾಶಿಗೆ ಮೀಸಲು. ಈ ಗೆರೆಯನ್ನು ಆರಂಭದಲ್ಲಿಯೇ ಎಳೆದುಕೊಳ್ಳದಿದ್ದರೆ ಹಬ್ಬದ ಹುಮ್ಮಸ್ಸಿನಲ್ಲಿ ಒಳ್ಳೆಯ ಉಡುಪೊಂದು ಹಾಳಾಗುವುದು ಖಂಡಿತ.

ಬಿಳಿ ಅಂಗಿಯ ಭೂತ

ಈ ರಾತ್ರಿಗೆ ಅತ್ಯಂತ ಒಪ್ಪುವ, ಆದರೆ ಹೆಚ್ಚಿನವರಿಗೆ ಹೊಳೆಯದ ವೇಷವೆಂದರೆ ಜಪಾನಿನ ಪ್ರೇತವಾದ ಯೂರೆಯ್. ಕರಾಟೆ ಮತ್ತು ಜೂಡೊ ಅಂಗಿಯನ್ನು ತೊಡುವಾಗ ಎಡಮಡಿಕೆ ಬಲಮಡಿಕೆಯ ಮೇಲೆ ಬರಬೇಕು ಎಂಬುದನ್ನು ಮೊದಲ ದಿನವೇ ಕಲಿಸುತ್ತಾರೆ. ಗಂಡಸರಿಗೂ ಹೆಂಗಸರಿಗೂ ಇದೇ ನಿಯಮ. ಜಪಾನಿನಲ್ಲಿ ಬಟ್ಟೆಯನ್ನು ಹೀಗೆಯೇ ತೊಡಬೇಕೆಂಬ ರಾಜಾಜ್ಞೆ ಕ್ರಿ.ಶ. 719ರಲ್ಲಿ ಹೊರಟಿತ್ತು. ಬಲಮಡಿಕೆ ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ, ಅಂತ್ಯಸಂಸ್ಕಾರಕ್ಕೆ ಮುನ್ನ. ಆದ್ದರಿಂದ ಅಂಗಿಯ ಮಡಿಕೆಯನ್ನು ತಿರುಗಿಸಿದೊಡನೆ, ಬೇರೇನೂ ಮಾಡದೆಯೇ, ಉಡುಪಿನ ಅರ್ಥ ಬದಲಾಗುತ್ತದೆ. ತರಗತಿಯಲ್ಲಿ ಗುರುಗಳು ತಕ್ಷಣ ತಿದ್ದುವ ತಪ್ಪೇ ಇಲ್ಲಿ ವೇಷದ ಜೀವಾಳ.

ಕಟ್ಟುವ ಕ್ರಮ ಹೀಗಿದೆ. ಬಿಳಿ ಅಂಗಿಯನ್ನು ಬಲಮಡಿಕೆ ಮೇಲೆ ಬರುವಂತೆ ತೊಟ್ಟು, ಬೆಲ್ಟಿನ ಬದಲು ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಸೊಂಟಕ್ಕೆ ಸುತ್ತಿರಿ. ಈ ಅಂಗಿ ಸೊಂಟದಿಂದ ಸ್ವಲ್ಪವೇ ಕೆಳಗೆ ಬರುವುದರಿಂದ, ಹಳೆಯ ಬಿಳಿ ಹಾಸುಬಟ್ಟೆಯನ್ನು ಅದೇ ಬಲಮಡಿಕೆಯ ದಿಕ್ಕಿನಲ್ಲಿ ಸೊಂಟಕ್ಕೆ ಸುತ್ತಿ ಅಂಗಿಯ ಒಳಗೆ ಸಿಕ್ಕಿಸಿದರೆ ಉದ್ದನೆಯ ನಿಲುವಂಗಿಯಂತೆ ಕಾಣುತ್ತದೆ. ಅದರ ಕೆಳಅಂಚು ಮೀನಖಂಡದ ಮಟ್ಟಕ್ಕೆ ನಿಲ್ಲಲಿ, ಅಂಚಿನ ಎಳೆಗಳನ್ನು ಬಿಡಿಸಿ ಜೂಲು ಜೂಲು ಮಾಡಿ. ಅದರ ಕೆಳಗೆ ಕಪ್ಪು ಕಾಲುಚೀಲ ಮತ್ತು ಕಪ್ಪು ಪಾದರಕ್ಷೆ ಇರಬೇಕು. ಹದಿನೆಂಟನೆಯ ಶತಮಾನದ ಚಿತ್ರಕಾರ ಮರುಯಾಮ ಓಕ್ಯೊ ಪಾದಗಳಿಲ್ಲದ ಪ್ರೇತಗಳನ್ನು ಬರೆದು ಹೆಸರಾದವನು. ಮಬ್ಬುಬೆಳಕಿನಲ್ಲಿ ಕಪ್ಪು ಪಾದಗಳು ಕಣ್ಣಿಗೆ ಬೀಳದೆ, ಬಿಳಿ ಆಕೃತಿ ಗಾಳಿಯಲ್ಲಿ ತೇಲಿದಂತೆ ತೋರುವುದರಿಂದ ಅದೇ ಪರಿಣಾಮ ನಮಗೂ ದಕ್ಕುತ್ತದೆ. ಹಣೆಗೆ ಬಿಳಿ ಬಟ್ಟೆಯ ಪುಟ್ಟ ತ್ರಿಕೋನವನ್ನು ದಾರದಿಂದ ಕಟ್ಟಿ, ಕೂದಲನ್ನು ಮುಖದ ಮೇಲೆ ಇಳಿಬಿಡಿ. ಕೂದಲು ಚಿಕ್ಕದಿದ್ದರೆ ಕಪ್ಪು ಉಣ್ಣೆಯ ಎಳೆಗಳನ್ನು ತಲೆಪಟ್ಟಿಗೆ ಹೊಲಿದು ತೊಡಬಹುದು. ಮೊಣಕೈಗಳನ್ನು ಮಡಿಸಿ, ಮುಂಗೈಗಳನ್ನು ಮಣಿಕಟ್ಟಿನಿಂದ ಸಡಿಲವಾಗಿ ತೂಗಬಿಟ್ಟು ನಡೆದರೆ ಚಿತ್ರ ಪೂರ್ತಿಯಾಯಿತು. ಇಷ್ಟಕ್ಕೂ ಉಡುಪಿಗೆ ಒಂದು ಕಲೆಯೂ ಬಿದ್ದಿಲ್ಲ ಎಂಬುದನ್ನು ಗಮನಿಸಿ.

ನಿಂಜಾ ಮುಸುಕು

ನಿಂಜಾನ ಕರಿಯ ಉಡುಪು ಇತಿಹಾಸಕ್ಕಿಂತ ರಂಗಭೂಮಿಗೆ ಸೇರಿದ್ದು ಎಂಬ ಅಭಿಪ್ರಾಯವಿದೆ. ಜಪಾನಿನ ಸಾಂಪ್ರದಾಯಿಕ ಕಬುಕಿ ನಾಟಕದಲ್ಲಿ ಕಪ್ಪು ಬಟ್ಟೆ ತೊಟ್ಟು ರಂಗಸಜ್ಜಿಕೆ ಬದಲಿಸುವ ಸಹಾಯಕರು ಇದ್ದೂ ಇಲ್ಲದಂತಿರುತ್ತಾರೆ, ಆ ರೂಪವೇ ನಿಂಜಾನಿಗೂ ಬಂತು ಎನ್ನುತ್ತಾರೆ. ಏನೇ ಇರಲಿ, ಕಪ್ಪು ಸಮವಸ್ತ್ರವಿದ್ದವರಿಗೆ ಇದು ಹತ್ತು ನಿಮಿಷದ ಕೆಲಸ. ಕಪ್ಪು ಟೀ ಶರ್ಟನ್ನು ಒಳಹೊರಗು ಮಾಡಿ ತಲೆಯ ಮೇಲೆ ಎಳೆದುಕೊಳ್ಳಿ, ಆದರೆ ತಲೆಯನ್ನು ಪೂರ್ತಿ ಹೊರತೆಗೆಯದೆ ಕತ್ತಿನ ತೂತು ಕಣ್ಣಿನ ಮಟ್ಟದಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ತೋಳುಗಳೆರಡನ್ನು ತಲೆಯ ಹಿಂದಕ್ಕೆ ಒಯ್ದು ಬಿಗಿಯಾಗಿ ಗಂಟು ಹಾಕಿ. ತೂತಿನ ಮೇಲಂಚನ್ನು ಹುಬ್ಬಿಗೂ ಕೆಳಅಂಚನ್ನು ಮೂಗಿಗೂ ಸರಿಸಿ, ಉಳಿದ ಬಟ್ಟೆಯನ್ನು ಅಂಗಿಯ ಕೊರಳಿನೊಳಗೆ ತುರುಕಿದರೆ ಮುಸುಕು ಸಿದ್ಧ. ಷರಾಯಿಯ ಕೆಳತುದಿಗೂ ಮುಂದೋಳಿಗೂ ಬಾಕ್ಸಿಂಗಿನವರು ಕೈಗೆ ಸುತ್ತುವ ಬಟ್ಟೆಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಸುತ್ತಿರಿ. ಈ ಪಟ್ಟಿಗಳು ಸಾಮಾನ್ಯವಾಗಿ 3ರಿಂದ 4.5 ಮೀಟರ್ ಉದ್ದವಿದ್ದು, ತುದಿಯಲ್ಲಿ ಅಂಟಿಕೊಳ್ಳುವ ವೆಲ್ಕ್ರೊ ಇರುವುದರಿಂದ ಬಿಚ್ಚಿಹೋಗುವ ಭಯವಿಲ್ಲ. ಹೆಚ್ಚು ಬಿಗಿ ಮಾಡಿದರೆ ಬೆರಳು ಜೋಮು ಹಿಡಿಯುತ್ತದೆ.

ಸೋತ ಸಮುರಾಯ್ ಮತ್ತು ಫೋಮ್ ಕವಚ

ಐಕಿಡೊ ಅಥವಾ ಕೆಂಡೊ ಅಭ್ಯಾಸದಲ್ಲಿ ಸೊಂಟದಿಂದ ಕೆಳಗೆ ತೊಡುವ ಅಗಲವಾದ ಹಕಾಮಾ ಮನೆಯಲ್ಲಿದ್ದರೆ ಸಮುರಾಯ್ ವೇಷಕ್ಕೆ ಅದಕ್ಕಿಂತ ದೊಡ್ಡ ಆಧಾರ ಬೇಡ. ಮುಂದೆ ಐದು, ಹಿಂದೆ ಎರಡು ನೆರಿಗೆಗಳಿರುವ ಆ ಉಡುಪು ತಾನಾಗಿಯೇ ಗಾಂಭೀರ್ಯ ತರುತ್ತದೆ. ಅದರ ಮೇಲೆ ಬೇಕಾದದ್ದು ಭುಜದ ಕವಚ. ಇದನ್ನು ಹಳೆಯ ಫೋಮ್ ಮ್ಯಾಟ್‌ನಿಂದ ಮಾಡಬಹುದು. ಜೂಡೊ ಎಸೆತಗಳಿಗೆ ಬಳಸುವ ದಪ್ಪ ಮ್ಯಾಟ್ ಇದಕ್ಕೆ ಒಗ್ಗದು, 10 ಮಿಲಿಮೀಟರ್ ಆಸುಪಾಸಿನ ತೆಳು ಮ್ಯಾಟ್ ಇರಲಿ. ಅದನ್ನು 6 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಒಂದೇ ಏಟಿಗೆ ಒತ್ತಿ ಕೊಯ್ದರೆ ಅಂಚು ಒರಟಾಗುತ್ತದೆ, ಹರಿತವಾದ ಚಾಕುವನ್ನು ಎರಡು ಮೂರು ಬಾರಿ ಹಗುರವಾಗಿ ಎಳೆಯಬೇಕು.

ಪಟ್ಟಿಗಳನ್ನು ಜೋಡಿಸಲು ಮಕ್ಕಳು ಪರೀಕ್ಷೆಯ ಮೇಲೆ ಪರೀಕ್ಷೆ ಮುಗಿಸಿ ಬಿಟ್ಟುಹೋದ ಹಳದಿ, ಕಿತ್ತಳೆ, ಹಸಿರು ಬೆಲ್ಟ್‌ಗಳಿಗಿಂತ ಒಳ್ಳೆಯದು ಸಿಗಲಾರದು. ಎರಡು ಬೆಲ್ಟ್‌ಗಳನ್ನು ಪಕ್ಕಪಕ್ಕದಲ್ಲಿ ಲಂಬವಾಗಿ ಹಾಸಿ, ಅವುಗಳ ಮೇಲೆ ನಾಲ್ಕೈದು ಪಟ್ಟಿಗಳನ್ನು ಅಡ್ಡಲಾಗಿ, ಒಂದರ ಅಂಚಿಗೆ ಇನ್ನೊಂದರ ಅಂಚು ತುಸು ಬಿಟ್ಟು, ದಪ್ಪ ದಾರದಿಂದ ಹೊಲಿಯಿರಿ. ನಡುವಿನ ಬಿರುಕಿನಿಂದಾಗಿ ಕವಚ ತೋಳಿನೊಂದಿಗೆ ಬಾಗುತ್ತದೆ, ಬಣ್ಣದ ಬೆಲ್ಟ್ ಅಲ್ಲಲ್ಲಿ ಇಣುಕುವುದು ಅಂದವೂ ಹೌದು. ಫೋಮ್ ಬಣ್ಣವನ್ನು ಹೀರಿಕೊಳ್ಳುವುದರಿಂದ ಮೊದಲು ನೀರು ಬೆರೆಸಿದ ಬಿಳಿ ಅಂಟಿನ ಎರಡು ಮೂರು ಲೇಪ ಕೊಟ್ಟು ಒಣಗಿಸಿ, ಆಮೇಲೆ ಅಕ್ರಿಲಿಕ್ ಬಣ್ಣ ಬಳಿಯಬೇಕು. ಬಾಗು ಕೊಡಲು ಹೀಟ್ ಗನ್ ಬಳಸುವವರು ಕಿಟಕಿ ತೆರೆದಿಡಬೇಕು, ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಕಣಕಾಲಿಗೆ ಅಭ್ಯಾಸದ ಗಾರ್ಡ್‌ಗಳೇ ಸಾಕು, ಅವುಗಳ ಮೇಲಿನ ಅಕ್ಷರಗಳನ್ನು ಬಟ್ಟೆ ಸುತ್ತಿ ಮರೆಮಾಡಿ.

ರಕ್ತದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಕ್ಕರೆ ಪಾಕ, ಕೆಂಪು ಖಾದ್ಯಬಣ್ಣ ಮತ್ತು ಚಿಟಿಕೆ ಕೋಕೊ ಪುಡಿಯಿಂದ ಮಾಡಿದ ರಕ್ತ ನೋಡಲು ಚೆನ್ನ, ಹತ್ತಿಯಿಂದ ಮಾತ್ರ ಸುಲಭಕ್ಕೆ ಬಿಡದು. ಒಳ್ಳೆಯ ಉಡುಪಾದರೆ ಬೇರೊಂದು ಬಿಳಿ ಬಟ್ಟೆಯ ತುಂಡಿಗೆ ಕಲೆ ಹಾಕಿ, ಪೂರ್ತಿ ಒಣಗಿದ ಮೇಲೆ ಅದನ್ನು ಅಂಗಿಗೆ ಕಚ್ಚಾ ಹೊಲಿಗೆಯಿಂದ ಕೂಡಿಸಿ. ಎರಡನೆಯ ರಾಶಿಯ ಅಂಗಿಯನ್ನಾದರೆ ಕಡು ಚಹಾದಲ್ಲಿ ಅದ್ದಿ ಗೋರಿಯಿಂದೆದ್ದ ಬಣ್ಣ ಬರಿಸಬಹುದು, ಮೊಣಕಾಲು ಮೊಣಕೈಗಳನ್ನು ಮರಳುಕಾಗದದಿಂದ ಉಜ್ಜಬಹುದು. ಪಾಲಿಯೆಸ್ಟರ್ ಬೆರೆತ ಅಗ್ಗದ ಉಡುಪಿಗೆ ಚಹಾ ಅಷ್ಟಾಗಿ ಹತ್ತುವುದಿಲ್ಲ.

ಚಿಕ್ಕ ಮಕ್ಕಳಿಗೆ ಟೇಕ್ವಾಂಡೊ ಎದೆಗವಚವನ್ನು ಬೆನ್ನಿಗೆ ಕಟ್ಟಿದರೆ ಸಾಕು. ಕೆಂಪು ಮಗ್ಗುಲಿನ ಮೇಲೆ ಕಪ್ಪು ಬಟ್ಟೆಯ ವೃತ್ತಗಳನ್ನು ಪಿನ್ನು ಚುಚ್ಚದೆ, ಬಿಡಿಸಿ ತೆಗೆಯಬಹುದಾದ ಟೇಪಿನಿಂದ ಅಂಟಿಸಿದರೆ ಗುಲಗಂಜಿ ಹುಳು ತಯಾರು.

ಗಳಿಸದ ಕಪ್ಪು ಬೆಲ್ಟನ್ನು ವೇಷಕ್ಕೆಂದು ಕಟ್ಟಿಕೊಳ್ಳುವುದು ಅಭ್ಯಾಸಿಗಳಿಗೆ ಹಿತವೆನಿಸದು, ಕಪ್ಪು ಬಟ್ಟೆಯ ಪಟ್ಟಿ ಅದೇ ಕೆಲಸ ಮಾಡುತ್ತದೆ. ನಿಜವಾದ ಸಾಯ್, ನುಂಚಾಕು, ಕತ್ತಿಯಂಥ ಆಯುಧ ಯಾವುದೂ ಬೀದಿಗೆ ಬರಬಾರದು. ಕೈಯಲ್ಲಿ ಏನಾದರೂ ಬೇಕೇಬೇಕು ಎನ್ನುವವರು ಫೋಮಿನದನ್ನು, ದೂರದಿಂದಲೂ ಆಟಿಕೆ ಎಂದು ತಿಳಿಯುವ ಬಣ್ಣದಲ್ಲಿ ಮಾಡಿಕೊಳ್ಳಲಿ. ಕತ್ತಲಲ್ಲಿ ಮನೆಮನೆಗೆ ಹೋಗುವ ಕಪ್ಪು ನಿಂಜಾ ವಾಹನ ಚಾಲಕರಿಗೆ ಕಾಣುವುದಿಲ್ಲವಾದ್ದರಿಂದ ಬೆನ್ನಿಗೂ ತೋಳಿಗೂ ಬೆಳಕು ಪ್ರತಿಫಲಿಸುವ ಟೇಪು ಹಚ್ಚುವುದು ಕಡ್ಡಾಯ. ಕುಂಬಳಕಾಯಿ ದೀಪಗಳಲ್ಲಿ ಉರಿಯುವ ಮೇಣದಬತ್ತಿಯಿರುತ್ತದೆ, ಜೂಲುಬಿಟ್ಟ ಅಂಚಿಗೂ ಜೋತ ತೋಳಿಗೂ ಅದರಿಂದ ದೂರವೇ ಕ್ಷೇಮ.

ರಾತ್ರಿ ಮುಗಿದ ಮೇಲೆ ಮೊದಲು ಹೊಲಿಗೆಯನ್ನೆಲ್ಲ ಬಿಚ್ಚಿ, ಪಿನ್ನುಗಳನ್ನು ಒಂದೊಂದಾಗಿ ತೆಗೆದಿಡಿ. ಉಳಿದ ಪಿನ್ನೊಂದು ಮುಂದಿನ ಅಭ್ಯಾಸದಲ್ಲಿ ಎದುರಾಳಿಯ ಅಂಗೈಗೆ ಚುಚ್ಚಬಹುದು. ಕೊರಳಪಟ್ಟಿಗೆ ತಾಗಿದ ಮುಖದ ಬಣ್ಣವನ್ನು ಒಗೆಯುವ ಮುನ್ನ ಸೋಪಿನಿಂದ ತಿಕ್ಕಿ ನೆನೆಯಲು ಬಿಡಿ. ಹತ್ತಿಯ ಉಡುಪನ್ನು ತಣ್ಣೀರಿನಲ್ಲಿಯೇ ಒಗೆಯಿರಿ, ಬಿಸಿನೀರಿಗೆ ಅದು ಕುಗ್ಗುತ್ತದೆ, ಬ್ಲೀಚಿಗೆ ಎಳೆ ಬಲಗುಂದುತ್ತದೆ.