ನಿಮ್ಮ ಸಿಐ ಫೈಲಿನಲ್ಲಿ ಹಳೇ ಪೈಥಾನ್ ಕೂತಿದೆಯೇ?

ಕೋಡ್ ಪುಶ್ ಮಾಡುತ್ತೇವೆ, ಟೆಸ್ಟ್‌ಗಳು ತಾವಾಗಿ ಓಡುತ್ತವೆ, ಹಸಿರು ಟಿಕ್ ಬರುತ್ತದೆ; ಈ ತಾನಾಗಿ ನಡೆಯುವ ಪರೀಕ್ಷೆಯೇ ಸಿಐ. ಆದರೆ ಯಾವ ಪೈಥಾನ್ ಮೇಲೆ ಓಡಿ ಬಂದ ಟಿಕ್ ಅದು? ಸಿಐಗೆಂದು ಎಂದೋ ಯಾರೋ ಬರೆದಿಟ್ಟ ಯಾಮಲ್ ಫೈಲನ್ನು (ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲು) ತೆರೆದು ನೋಡಿ. 3.8 ಎಂದಿದ್ದರೆ, ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತದ್ದು 2024ರ ಅಕ್ಟೋಬರ್‌ನಲ್ಲಿ. 3.9ರದ್ದು ಮರುವರ್ಷದ ಅಕ್ಟೋಬರ್‌ನಲ್ಲಿ ಮುಗಿಯಿತು. ಗಿಟ್‌ಹಬ್‌ನದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್ ಬಳಸುವವರು ಇದನ್ನು ಹೀಗೆ ಸರಿಪಡಿಸಬಹುದು.

ಮೊದಲು ಮ್ಯಾಟ್ರಿಕ್ಸ್ ಪಟ್ಟಿಗೆ (ಯಾವ ಯಾವ ಆವೃತ್ತಿಗಳ ಮೇಲೆ ಟೆಸ್ಟ್ ಓಡಬೇಕು ಎಂಬ ಪಟ್ಟಿ) ಹೊಸ ಆವೃತ್ತಿ ಸೇರಿಸಿ. ಹಳೆಯದಕ್ಕೆ ಇನ್ನೂ ಕೈ ಹಚ್ಚಬೇಡಿ. ಎರಡೂ ಒಟ್ಟಿಗೆ ಓಡಿದರೆ ಮುರಿದದ್ದು ಹೊಸ ಪೈಥಾನ್‌ನಿಂದಲೋ ನಿಮ್ಮ ಕೋಡ್‌ನಿಂದಲೋ ತಿಳಿಯುತ್ತದೆ. ಅದೇ ಫೈಲಿನ ಫೇಲ್-ಫಾಸ್ಟ್ ಸೆಟ್ಟಿಂಗನ್ನು ಫಾಲ್ಸ್ ಮಾಡಿ. ಇಲ್ಲವಾದರೆ ಒಂದು ಬಿದ್ದೊಡನೆ ಉಳಿದವೂ ಅರ್ಧಕ್ಕೇ ರದ್ದಾಗುತ್ತವೆ.

ಇಲ್ಲಿ ಎಡವುವವರೇ ಹೆಚ್ಚು: ಆವೃತ್ತಿಯನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಬರಿದೇ 3.10 ಎಂದರೆ ಯಾಮಲ್ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆಯನ್ನು ನುಂಗಿಬಿಡುತ್ತದೆ. ನೀವು ಕೇಳಿದ್ದು 3.10, ಅದು ಹುಡುಕುವುದು 3.1. ಆ ಕಾಲದ ಪೈಥಾನ್ ಸಿಗದೆ ಕೆಲಸ ನಿಲ್ಲುತ್ತದೆ. 3.9ರವರೆಗೆ ಚಿಹ್ನೆಯಿಲ್ಲದೆ ನಡೆದಿದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 3.20 ಬಂದಾಗ ಮತ್ತೆ ಇದೇ ಕತೆ.

ಕೆಂಪು ಬಂದರೆ ಲಾಗ್ ಓದಿ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಇಲ್ಲ, 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಮುಂತಾದ ಹಳೇ ಮಾಡ್ಯೂಲ್‌ಗಳೂ ಇಲ್ಲ. ಎಷ್ಟೋ ಸಲ ತಪ್ಪು ನಿಮ್ಮದಲ್ಲ, ನೀವು ನೆಚ್ಚಿಕೊಂಡ ಯಾವುದೋ ಲೈಬ್ರರಿಯದು. ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಎಲ್ಲವೂ ಹಸಿರಾದ ಮೇಲೆ ಹಳೇ ಆವೃತ್ತಿ ಅಳಿಸಿ. ಪ್ರಾಜೆಕ್ಟ್ ಫೈಲಿನ ಕನಿಷ್ಠ ಪೈಥಾನ್ ಮಿತಿಯನ್ನೂ ಅದೇ ಕಮಿಟ್‌ನಲ್ಲಿ ಏರಿಸಿ. ಎಡವುವ ಜಾಗ ಇನ್ನೊಂದಿದೆ. ಯಾವ ಟೆಸ್ಟ್ ಪಾಸಾದರೆ ಮಾತ್ರ ಕೋಡ್ ಸೇರಿಸಬಹುದು ಎನ್ನುವ ಬ್ರಾಂಚ್ ರಕ್ಷಣೆಯ ನಿಯಮದಲ್ಲಿ 'ಟೆಸ್ಟ್ 3.8' ಕಡ್ಡಾಯ ಎಂದಿದ್ದರೆ, ಇನ್ನೆಂದೂ ಓಡದ ಆ ಟೆಸ್ಟ್‌ಗಾಗಿ ಪುಲ್ ರಿಕ್ವೆಸ್ಟ್ ಕಾಯುತ್ತಲೇ ಕೂರುತ್ತದೆ. ಸೆಟ್ಟಿಂಗ್ಸ್‌ನಲ್ಲೂ ಹೆಸರು ಬದಲಿಸಿ.

ಆವೃತ್ತಿಗಳನ್ನು ತಾನಾಗಿ ಏರಿಸುವ ಗಿಟ್‌ಹಬ್‌ನ ಡಿಪೆಂಡಬಾಟ್ ಇದೆಯಲ್ಲ ಎನ್ನಬೇಡಿ. ಆ ಯಾಮಲ್ ಫೈಲಿನಲ್ಲಿ ಅದು ಏರಿಸುವುದು ಚೆಕ್‌ಔಟ್, ಸೆಟಪ್-ಪೈಥಾನ್‌ನಂಥ ಆಕ್ಷನ್‌ಗಳ (ಸಿದ್ಧ ಹೆಜ್ಜೆಗಳ) ಆವೃತ್ತಿಯನ್ನು; ಮ್ಯಾಟ್ರಿಕ್ಸ್‌ನೊಳಗಿನ ಪೈಥಾನ್ ಅಂಕಿಯನ್ನು ಅದು ಮುಟ್ಟುವುದಿಲ್ಲ. ಈಗ ಹೊಸ ಪೈಥಾನ್ ಬರುವುದೂ ಹಳೆಯದು ಕಣ್ಮುಚ್ಚುವುದೂ ಅಕ್ಟೋಬರ್‌ನಲ್ಲೇ. ಫೋನಿನ ಕ್ಯಾಲೆಂಡರಿನಲ್ಲಿ ಆ ತಿಂಗಳಿಗೆ ಪ್ರತಿವರ್ಷದ ರಿಮೈಂಡರ್ ಇಡಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಬಳಸುವವರು ಏಪ್ರಿಲ್‌ಗೂ ಒಂದು ಇಟ್ಟುಕೊಳ್ಳಿ: ನೋಡ್ 18 ಮುಗಿದದ್ದು 2025ರ ಏಪ್ರಿಲ್ 30ರಂದು.