ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವುದು ಹೇಗೆ?

7,20,720. ಮೇಲ್ನೋಟಕ್ಕೆ 720 ಎರಡು ಸಲ ಬಂದಿದೆ, ಅಷ್ಟೇ ಅಲ್ವಾ? ಬಿಡಿಸಿ ನೋಡಿದರೆ ಇಷ್ಟು ಸೊಗಸಾದ ಸಂಖ್ಯೆ ಸಿಗುವುದು ಅಪರೂಪ. ಪೆನ್ನು, ಹಾಳೆ ತೆಗೆದುಕೊಳ್ಳಿ. ಕ್ಯಾಲ್ಕುಲೇಟರ್ ಬೇಡ.

ಮೊದಲು ಅಂಕಿಗಳನ್ನು ಕೂಡಿ. 18 ಬರುತ್ತದೆ. ಈಗ 18ರಿಂದಲೇ ಸಂಖ್ಯೆಯನ್ನು ಭಾಗಿಸಿ: 40,040, ಶೇಷವಿಲ್ಲ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥ ಸಂಖ್ಯೆಗೆ ‘ಹರ್ಷದ್’ ಎಂದು ಹೆಸರಿಟ್ಟವರು ಡಿ.ಆರ್. ಕಾಪ್ರೇಕರ್. ಹರ್ಷ ಕೊಡುವ ಸಂಖ್ಯೆ ಎಂದರ್ಥ. ಶಾಲಾ ಮೇಷ್ಟ್ರೊಬ್ಬರು ಇಟ್ಟ ಹೆಸರು ಇಂದು ಜಗತ್ತಿನ ಗಣಿತದಲ್ಲಿದೆ.

ಮುಂದಿನ ಹೆಜ್ಜೆಯೇ ಮುಖ್ಯ: ಅವಿಭಾಜ್ಯಗಳಾಗಿ ಒಡೆಯುವುದು. ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಬರೆದರೆ, ಅದನ್ನು 1001ರಿಂದ ಗುಣಿಸಿದಂತೆ. 1001 ಎಂದರೆ 7 × 11 × 13. ಉಳಿದ 720 ಎಂದರೆ 2⁴ × 3² × 5. ಒಟ್ಟು ಹೀಗೆ:

7,20,720 = 2⁴ × 3² × 5 × 7 × 11 × 13

ಈ ಒಂದು ಸಾಲು ಸಂಖ್ಯೆಯ ಜಾತಕವಿದ್ದಂತೆ. ಇನ್ನು ಭಾಗಿಸುತ್ತಾ ಕೂರುವ ಕೆಲಸವೇ ಇಲ್ಲ.

ಭಾಜಕಗಳು ಎಷ್ಟು? ಒಂದು ಭಾಜಕ ಕಟ್ಟಬೇಕೆಂದರೆ ಈ ಅವಿಭಾಜ್ಯಗಳಿಂದಲೇ ಆರಿಸಬೇಕು. 2ನ್ನು ಒಂದೂ ತೆಗೆದುಕೊಳ್ಳದೆ ಇರಬಹುದು, ಇಲ್ಲವೇ ಒಂದರಿಂದ ನಾಲ್ಕು ಸಲ ತೆಗೆದುಕೊಳ್ಳಬಹುದು: 5 ದಾರಿ. 3ಕ್ಕೆ 3 ದಾರಿ. 5, 7, 11, 13 ಬೇಕು ಅಥವಾ ಬೇಡ: ತಲಾ 2 ದಾರಿ. ಗುಣಿಸಿದರೆ 5 × 3 × 2 × 2 × 2 × 2 = 240. ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. ತನಗಿಂತ ಚಿಕ್ಕವುಗಳೆಲ್ಲವನ್ನೂ ಹೀಗೆ ಮೀರಿಸುವ ಸಂಖ್ಯೆಗಳ ಬಗ್ಗೆಯೇ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೊಡ್ಡದೊಂದು ಪ್ರಬಂಧ ಪ್ರಕಟಿಸಿದರು. ಘಾತಗಳನ್ನು ನೋಡಿ: 4, 2, 1, 1, 1, 1. ಚಿಕ್ಕ ಅವಿಭಾಜ್ಯಕ್ಕೆ ಜಾಸ್ತಿ, ದೊಡ್ಡದಕ್ಕೆ ಕಡಿಮೆ. ಅಂಥ ಸಂಖ್ಯೆಗಳಲ್ಲಿ ಘಾತ ಎಂದೂ ಏರುವುದಿಲ್ಲ. ಏರಿದರೆ ಎರಡು ಘಾತಗಳನ್ನು ಅದಲುಬದಲು ಮಾಡಿ, ಅಷ್ಟೇ ಭಾಜಕಗಳಿರುವ ಚಿಕ್ಕ ಸಂಖ್ಯೆ ಪಡೆಯಬಹುದಲ್ಲ!

1ರಿಂದ 16ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಇದು ಭಾಗವಾಗುತ್ತದೆ. ಅಂಥ ಸಂಖ್ಯೆಗಳಲ್ಲಿ ಇದೇ ಅತಿ ಚಿಕ್ಕದು. 17ಕ್ಕೆ ಮಾತ್ರ ಬಗ್ಗುವುದಿಲ್ಲ, 5 ಉಳಿಯುತ್ತದೆ.

ಪೂರ್ಣ ವರ್ಗವೇ? ಅಲ್ಲ. ವರ್ಗವಾಗಲು ಎಲ್ಲ ಘಾತಗಳೂ ಸಮ ಇರಬೇಕು. ಕೊರತೆ ಇರುವುದು 5, 7, 11, 13ಕ್ಕೆ. ಅವುಗಳ ಗುಣಲಬ್ಧ 5005ರಿಂದ ಗುಣಿಸಿ, 60,060ರ ವರ್ಗ ಸಿಗುತ್ತದೆ.

ಕೊನೆಗೆ ಭಾಜಕಗಳ ಮೊತ್ತ. (1+2+4+8+16), (1+3+9), (1+5), (1+7), (1+11), (1+13) ಇವನ್ನು ಗುಣಿಸಿ: 32,49,792. ಇದರಿಂದ ಸಂಖ್ಯೆಯನ್ನೇ ಕಳೆದರೆ 25,29,072. ಮೂಲ ಸಂಖ್ಯೆಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಇದು ‘ಸಮೃದ್ಧ’ ಸಂಖ್ಯೆ. ಎರಡೂ ಸರಿಸಮ ಬಂದಿದ್ದರೆ, 28ರ ಹಾಗೆ, ‘ಪರಿಪೂರ್ಣ’ ಎನ್ನುತ್ತಿದ್ದೆವು.

ಈಗ 5,10,510 ನೀವೇ ಒಡೆಯಿರಿ. ಅದಕ್ಕೂ 1001ರ ದಾರಿಯೇ. ಸಿಕ್ಕ ಅವಿಭಾಜ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನೋಡಿ.